ಮಾವಿನ ಘಮವಿಲ್ಲದ ಐಪಿಎ

ಪ್ರಶ್ನೆ: ಬೆಂಗಳೂರಿನಲ್ಲಿದ್ದಾಗ ಮೈಕ್ರೋಬ್ರೂವರಿಗಳಲ್ಲಿ ಐಪಿಎ ಕುಡಿದು ರೂಢಿ. ಗ್ಲಾಸು ಮೂಗಿನ ಹತ್ತಿರ ಬಂದರೆ ಸಾಕು, ಮಾವು, ಅನಾನಸಿನ ಘಮ. ಈಗ ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದೇನೆ. ಮನೆ ಹತ್ತಿರದ ಪಬ್‌ನಲ್ಲಿ ‘ಇಂಗ್ಲಿಷ್ ಶೈಲಿಯ ಇಂಡಿಯಾ ಪೇಲ್ ಏಲ್’ ಎಂದು ಹೊಸ ಕ್ರಾಫ್ಟ್ ಬಿಯರ್ ಬಂದಿತ್ತು, ತೆಗೆದುಕೊಂಡೆ. ತಣ್ಣಗಿರಲಿಲ್ಲ. ನೊರೆ ಇದ್ದೂ ಇಲ್ಲದ ಹಾಗೆ. ಹಣ್ಣಿನ ವಾಸನೆ ಇಲ್ಲವೇ ಇಲ್ಲ. ಕಹಿ ಮಾತ್ರ ಗಂಟಲಲ್ಲಿ ಕೂತುಬಿಟ್ಟಿತು. ಬಿಯರ್ ಹಳಸಿತ್ತೇ, ಅಥವಾ ಇರುವುದೇ ಹೀಗೆಯೇ? ಇಂಗ್ಲಿಷರ ಬಿಯರಿಗೆ ಇಂಡಿಯಾ ಹೆಸರೇಕೆ? ಇನ್ನೊಂದು: ನನ್ನ ರೂಮ್‌ಮೇಟ್ ಸಸ್ಯಾಹಾರಿ. ಅವನು ಇದನ್ನು ಕುಡಿಯಬಹುದೇ?
(ಹೆಸರು ಬೇಡ ಎಂದಿರುವ ಓದುಗರು, ರೆಡಿಂಗ್)

ಉತ್ತರ: ಹಳಸಿರಲಿಲ್ಲ. ನಿಮ್ಮ ನಾಲ್ಕು ದೂರುಗಳಲ್ಲಿ ಒಂದೂ ಕೆಟ್ಟ ಬಿಯರಿನ ಲಕ್ಷಣವಲ್ಲ. ಪೀಪಾಯಿ ತೆರೆದು ಬಹಳ ದಿನವಾಗಿದ್ದರೆ ವಿನೆಗರಿನ ಹುಳಿ ಮೂಗಿಗೆ ಬಡಿಯುತ್ತದೆ. ಗಾಳಿ ತಾಗಿ ಹಳತಾಗಿದ್ದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹುದುಗು ಬರಿಸುವ ಕೆಲಸ ಅರ್ಧಕ್ಕೆ ನಿಂತಿದ್ದರೆ ಪಾಪ್‌ಕಾರ್ನ್ ಮೇಲಿನ ಬೆಣ್ಣೆಯಂಥ ಜಿಡ್ಡು ನಾಲಿಗೆಗೆ ಹತ್ತುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಸಂಕೋಚಪಡದೆ ಗ್ಲಾಸನ್ನು ಕೌಂಟರಿಗೆ ವಾಪಸ್ ಒಯ್ಯಿರಿ. ಅಲ್ಲಿನ ಒಳ್ಳೆಯ ಪಬ್‌ಗಳಲ್ಲಿ ಮರುಮಾತಿಲ್ಲದೆ ಬದಲಿಸಿ ಕೊಡುತ್ತಾರೆ.

ನಿಮಗೆ ಆದದ್ದು ಇಷ್ಟೇ: ಅಮೆರಿಕದ ಐಪಿಎಗೆ ಒಗ್ಗಿದ ಬಾಯಿಗೆ ಇಂಗ್ಲೆಂಡಿನ ಐಪಿಎ ಸಿಕ್ಕಿತು. ಇನಿಷಿಯಲ್ ಒಂದೇ, ಮನೆತನ ಬೇರೆ. ಅಮೆರಿಕದ್ದು ಮೂಗಿನಲ್ಲಿ ಶುರುವಾಗುವ ಬಿಯರ್. ಗ್ಲಾಸು ತುಟಿಗೆ ತಾಗುವ ಮೊದಲೇ ತನ್ನ ಬಂಡವಾಳವನ್ನೆಲ್ಲ ಬಿಚ್ಚಿಡುತ್ತದೆ. ಇಂಗ್ಲೆಂಡಿನದು ಗುಟುಕು ಇಳಿದ ಮೇಲೆ ಶುರುವಾಗುತ್ತದೆ. ಗಂಟಲಲ್ಲಿ ಕೂತುಬಿಟ್ಟಿತು ಎಂದು ನೀವು ದೂರಿರುವ ಆ ಕಹಿಯೇ ಅದರ ಬಂಡವಾಳ. ಹಾಗಾಗಿ ಈ ಬಿಯರನ್ನು ಮೊದಲ ಗುಟುಕಿನಲ್ಲಿ ಅಳೆದರೆ ಅದಕ್ಕೆ ಅನ್ಯಾಯವಾಗುತ್ತದೆ.

ನೀವು ಹೆಸರಿಸಿದ ಬಿಯರಿನ ಒಂದು ಬಾಟಲಿ, ಲಂಡನ್ನಿನಿಂದ ಬಂದ ಗೆಳೆಯರ ಪೆಟ್ಟಿಗೆಯಲ್ಲಿ ನನಗೂ ಸಿಕ್ಕಿತು. ಇದು ಜಾಹೀರಾತಿನ ಅಂಕಣವಲ್ಲ, ಕಂಪನಿಯ ಹೆಸರು ನಮಗಿಬ್ಬರಿಗೆ ಗೊತ್ತಿದ್ದರೆ ಸಾಕು. ಲೇಬಲ್ಲಿನಲ್ಲಿ ಓದಬೇಕಾದದ್ದು ಮೂರು ಸಂಗತಿ. ಆಲ್ಕೋಹಾಲ್ ಶೇ 6.2. ಮಾಲ್ಟ್ ಮ್ಯಾರಿಸ್ ಆಟರ್, ಅಂದರೆ ಕೇಂಬ್ರಿಜ್‌ನ ಸಸ್ಯತಳಿ ಸಂಸ್ಥೆಯಲ್ಲಿ ಅಭಿವೃದ್ಧಿಯಾಗಿ 1960ರ ದಶಕದಿಂದ ಇಂಗ್ಲೆಂಡಿನ ಏಲ್ ತಯಾರಕರ ಅಚ್ಚುಮೆಚ್ಚಾಗಿರುವ ಬಾರ್ಲಿ. ಹಾಪ್ಸ್ ಎರಡು ಬಗೆ, ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಮತ್ತು ಫಗಲ್. ಅಮೆರಿಕದ ಸಿಟ್ರಾ, ಮೊಸಾಯಿಕ್ ಹಾಪ್ಸಿನ ಹೆಸರು ಎಲ್ಲೂ ಇಲ್ಲ. ಮಾವು, ಅನಾನಸ್ ಸಿಗುವುದಿಲ್ಲ ಎಂದು ಬಾಟಲಿ ಬಿಚ್ಚುವ ಮೊದಲೇ ತಿಳಿಯಿತು.

ಬಣ್ಣ ಕಾಡುಜೇನಿನದು, ಬೆಳಕಿಗೆ ಹಿಡಿದರೆ ಅಂಚು ಕೆಂಪಾಗುತ್ತದೆ. ಬಾಟಲಿಯ ತಳದಲ್ಲಿ ಯೀಸ್ಟಿನ ತೆಳು ಗಸಿ ಇತ್ತು, ಅಲುಗಿಸದೆ ಬಗ್ಗಿಸಿದರೆ ತಿಳಿಯಾಗಿಯೇ ಬರುತ್ತದೆ. ನೊರೆ ಬೆರಳಗಲ ಎದ್ದು ನಿಧಾನವಾಗಿ ತಗ್ಗಿತು. ಮೂಗಿಗೆ ಮೊದಲು ಸಿಕ್ಕಿದ್ದು ಕಿತ್ತಳೆ ಸಿಪ್ಪೆಯ ಮಾರ್ಮಲೇಡ್, ಅದರ ಹಿಂದೆ ಒಣಹುಲ್ಲು, ಇನ್ನೂ ಹಿಂದೆ ಒದ್ದೆ ಮಣ್ಣಿನ ತೆಳು ವಾಸನೆ. ಮಾರ್ಮಲೇಡ್ ಗೋಲ್ಡಿಂಗ್ಸಿನ ಕೊಡುಗೆ, ಮಣ್ಣು ಫಗಲ್‌ನದು. ನಡುನಡುವೆ ಪೇರುಹಣ್ಣಿನ ಸುಳಿವೊಂದು ಬಂದು ಹೋಗುತ್ತಿತ್ತು. ಅದು ಹಾಪ್ಸಿನದಲ್ಲ, ಇಂಗ್ಲಿಷ್ ಏಲ್ ಯೀಸ್ಟ್ ಹುದುಗುವಾಗ ಹುಟ್ಟಿಸುವ ಎಸ್ಟರುಗಳದು.

ಬಾಯಿಗೆ ಹಾಕಿದರೆ ಮೊದಲು ಮಾಲ್ಟ್: ಬಿಸ್ಕತ್ತು, ಸುಟ್ಟ ಬ್ರೆಡ್ಡಿನ ಅಂಚು, ಒಂಚೂರು ಜೇನು. ಇಲ್ಲಿ ನಿಂತರೆ ಇದೊಂದು ಸಿಹಿ ಬಿಯರ್ ಅನ್ನಬೇಕು. ಗುಟುಕು ಇಳಿಯುತ್ತಿದ್ದಂತೆ ಸಿಹಿ ಹಿಂದೆ ಸರಿಯುತ್ತದೆ. ಕಹಿ ನಾಲಿಗೆಯ ಬುಡದಲ್ಲಿ ಎದ್ದು, ಹಾಲು ಹಾಕದ ಗಟ್ಟಿ ಚಹಾದ ಒಗರಿನೊಂದಿಗೆ ಬಾಯಿಯನ್ನು ಒಣಗಿಸುತ್ತದೆ. ಬಾಯಿ ಒಣಗಿದ ಮೇಲೆ ಕೈ ತಾನಾಗಿ ಗ್ಲಾಸಿಗೆ ಹೋಗುತ್ತದೆ. ಬೆಲ್ಲ ಹಾಕಿದ ಹಾಗಲಕಾಯಿ ಗೊಜ್ಜಿನಲ್ಲಿ ಬೆಲ್ಲ ಇರುವುದು ಕಹಿಯನ್ನು ಮುಚ್ಚುವುದಕ್ಕಲ್ಲ, ಅದಕ್ಕೊಂದು ನೆಲೆ ಕೊಡುವುದಕ್ಕೆ. ಇಲ್ಲಿ ಮಾಲ್ಟಿನದೂ ಅದೇ ಕೆಲಸ.

ಒಂದು ಆಕ್ಷೇಪವೂ ಇದೆ. ಇದರಲ್ಲಿ ಕ್ರಿಸ್ಟಲ್ ಮಾಲ್ಟ್ ಸ್ವಲ್ಪ ಜಾಸ್ತಿಯಾಗಿದೆ. ಕ್ಯಾರಮೆಲ್ಲಿನಂಥ ಅಂಟು ಸಿಹಿ ಬರುವುದು ಅದರಿಂದ. ಗ್ಲಾಸು ಅರ್ಧವಾಗುವ ಹೊತ್ತಿಗೆ ಅದು ಕಹಿಯ ಕಾಲಿಗೆ ತೊಡಕಾಗುತ್ತದೆ. 19ನೇ ಶತಮಾನದ ಐಪಿಎಗಳನ್ನು ತಿಳಿಬಣ್ಣದ ಪೇಲ್ ಮಾಲ್ಟ್ ಒಂದರಿಂದಲೇ ಮಾಡುತ್ತಿದ್ದರು. ‘ಇಂಗ್ಲಿಷ್ ಶೈಲಿ’ ಎಂದು ಲೇಬಲ್ಲಿನಲ್ಲಿ ದೊಡ್ಡದಾಗಿ ಬರೆದವರು ಆ ಬಿಗಿಯನ್ನೂ ಉಳಿಸಿಕೊಂಡಿದ್ದರೆ ಚೆನ್ನಿತ್ತು. ಒಟ್ಟಾರೆ ಒಳ್ಳೆಯ ಬಿಯರ್, ಶ್ರೇಷ್ಠವಲ್ಲ.

ಈಗ ಕಹಿಯ ವಿಚಾರ. ಹಾಪ್ಸ್ ಒಂದು ಬಳ್ಳಿಯ ಹೂಗೊಂಚಲು, ಭಂಗಿ ಗಿಡದ ಕುಟುಂಬಕ್ಕೇ ಸೇರಿದ್ದು. ಆದರೆ ಭಂಗಿಯ ಮತ್ತು ಇದರಲ್ಲಿಲ್ಲ. ಅದರೊಳಗಿನ ಆಲ್ಫಾ ಆಮ್ಲಗಳು ಹಸಿಯಾಗಿದ್ದಾಗ ಬಿಯರಿಗೆ ಹೆಚ್ಚು ಕಹಿ ಕೊಡುವುದಿಲ್ಲ. ಮಾಲ್ಟಿನ ರಸದಲ್ಲಿ ಗಂಟೆ ಹೊತ್ತು ಕುದಿದಾಗ ರೂಪ ಬದಲಿಸಿ ಕಹಿಯಾಗುತ್ತವೆ. ಘಮ ಕೊಡುವ ಎಣ್ಣೆಗಳದು ಇದಕ್ಕೆ ತದ್ವಿರುದ್ಧ, ಅವು ಕುದಿಯಲ್ಲಿ ಹಾರಿಹೋಗುತ್ತವೆ. ಹಾಪ್ಸನ್ನು ಮೊದಲೇ ಹಾಕಿದರೆ ಕಹಿ, ಕೊನೆಯಲ್ಲಿ ಹಾಕಿದರೆ ಘಮ. ನೀವು ಬೆಂಗಳೂರಿನಲ್ಲಿ ಕುಡಿದ ಐಪಿಎಗಳಲ್ಲಿ ಬಹುಪಾಲು ಹಾಪ್ಸ್ ಬೀಳುವುದು ಒಲೆ ಆರಿದ ಮೇಲೆ. ಹುದುಗು ಬಂದ ತಣ್ಣನೆಯ ಬಿಯರಿಗೂ ಸುರಿಯುತ್ತಾರೆ. ಇಂಗ್ಲಿಷ್ ಶೈಲಿಯಲ್ಲಿ ಕುದಿಗೆ ಬೀಳುವ ಪಾಲು ದೊಡ್ಡದು.

ಕಹಿಗೂ ಒಂದು ಅಳತೆ ಇದೆ, ಐಬಿಯು. ಲೀಟರಿಗೆ ಎಷ್ಟು ಮಿಲಿಗ್ರಾಂ ಹಾಪ್ಸ್ ಕಹಿ ಎಂಬುದರ ಸ್ಥೂಲ ಲೆಕ್ಕ. ಅಮೆರಿಕದ ಬಿಯರ್ ತೀರ್ಪುಗಾರರ ಕೈಪಿಡಿ ಇಂಗ್ಲಿಷ್ ಐಪಿಎಗೆ 40ರಿಂದ 60 ಐಬಿಯು, ಶೇ 5ರಿಂದ 7.5 ಆಲ್ಕೋಹಾಲ್ ಎಂದು ಗೆರೆ ಎಳೆದಿದೆ. ನಮ್ಮಲ್ಲಿ ಎಲ್ಲೆಲ್ಲೂ ಸಿಗುವ ಲಾಗರ್ ಬಿಯರುಗಳು 20 ದಾಟುವುದೇ ಅಪರೂಪ.

ಆದರೆ ನಿಮ್ಮ ಗಂಟಲಲ್ಲಿ ಕೂತ ಕಹಿಗೆ ಅಂಕಿ ಮಾತ್ರ ಕಾರಣವಲ್ಲ, ನೀರೂ ಕಾರಣ. ಇಂಗ್ಲೆಂಡಿನ ನಡುನಾಡಿನಲ್ಲಿ ಟ್ರೆಂಟ್ ನದಿಯ ದಡದ ಬರ್ಟನ್ ಎಂಬ ಊರಿನ ಬಾವಿಗಳ ನೀರು ಜಿಪ್ಸಂ ಪದರಗಳ ಮೂಲಕ ಇಳಿದು ಬರುತ್ತದೆ. ಅದರಲ್ಲಿ ಸಲ್ಫೇಟ್ ಲೀಟರಿಗೆ 600 ಮಿಲಿಗ್ರಾಮಿಗೂ ಹೆಚ್ಚು ಎನ್ನುತ್ತಾರೆ. ಸಲ್ಫೇಟ್ ಇದ್ದರೆ ಸಿಹಿ ಬಾಯಲ್ಲಿ ಉಳಿಯುವುದಿಲ್ಲ. ಕಹಿ ಚೂಪಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಪ್ರಮಾಣದ ಹಾಪ್ಸನ್ನು ಮೆದು ನೀರಿನಲ್ಲಿ ಕುದಿಸಿದರೆ ಈ ಕಡಕ್ ಮುಕ್ತಾಯ ಸಿಗದು. ಈಗ ಇಂಗ್ಲಿಷ್ ಶೈಲಿಯ ಐಪಿಎ ಮಾಡುವವರು ಯಾವ ದೇಶದಲ್ಲಿದ್ದರೂ ತಮ್ಮ ನೀರಿಗೆ ಜಿಪ್ಸಂ ಬೆರೆಸಿಕೊಳ್ಳುತ್ತಾರೆ. ಬರ್ಟನ್ ಬಿಯರಿನಲ್ಲಿ ಮೊದಲ ಕ್ಷಣ ಬೆಂಕಿಕಡ್ಡಿ ಗೀರಿದಂಥ ಗಂಧಕದ ವಾಸನೆ ಬಂದು ಹೋಗುವುದುಂಟು. ಅದೂ ದೋಷವಲ್ಲ.

ಬರ್ಟನ್ ಈ ಕಥೆಗೆ ಬಂದದ್ದು ಇಂಡಿಯಾದ ದೆಸೆಯಿಂದಲೇ. ನಿಮ್ಮ ಹೆಸರಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 1752ರಲ್ಲಿ ಜಾರ್ಜ್ ಹಾಡ್ಜ್‌ಸನ್ ಎಂಬಾತ ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಬ್ರೂವರಿ ತೆರೆದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಂದ ಹತ್ತಿರ. ಕಂಪನಿಯ ಕಪ್ತಾನರಿಗೆ ಸ್ವಂತ ಲೆಕ್ಕದಲ್ಲೂ ಒಂದಿಷ್ಟು ಸರಕು ಒಯ್ಯುವ ಹಕ್ಕಿತ್ತು. ಇಂಡಿಯಾದಿಂದ ಬಟ್ಟೆ, ರೇಷ್ಮೆ, ಸಾಂಬಾರ ಪದಾರ್ಥ ತುಂಬಿ ಬರುವ ಹಡಗುಗಳಿಗೆ ಹೋಗುವಾಗ ಒಯ್ಯಲು ಹೆಚ್ಚೇನೂ ಇರುತ್ತಿರಲಿಲ್ಲವಾದ್ದರಿಂದ ಆ ದಿಕ್ಕಿನ ಸಾಗಣೆ ಅಗ್ಗ. ಹಾಡ್ಜ್‌ಸನ್ ಕಪ್ತಾನರಿಗೆ ಹದಿನೆಂಟು ತಿಂಗಳ ಉದ್ದರಿ ಕೊಟ್ಟ. ಅವರು ಮದ್ರಾಸು, ಕಲ್ಕತ್ತೆಗಳಲ್ಲಿ ಮಾರಿ, ಊರಿಗೆ ಮರಳಿ, ಆಮೇಲೆ ಬಾಕಿ ತೀರಿಸಿದರೂ ನಡೆಯುತ್ತಿತ್ತು. ಹಾಡ್ಜ್‌ಸನ್ನನ ಮನೆತನ ಇಂಡಿಯಾ ಮಾರುಕಟ್ಟೆಯನ್ನು ದಶಕಗಟ್ಟಲೆ ಆಳಿದ್ದು ರುಚಿಯಷ್ಟೇ ಈ ಉದ್ದರಿಯ ಬಲದಿಂದ.

ಇಂಡಿಯಾಕ್ಕೆ ಕಳಿಸಿದ ಬಿಯರೆಲ್ಲ ದಾರಿಯಲ್ಲಿ ಕೆಡುತ್ತಿತ್ತು, ಹಾಡ್ಜ್‌ಸನ್ ತಲೆ ಓಡಿಸಿ ಹಾಪ್ಸೂ ಆಲ್ಕೋಹಾಲೂ ಹೆಚ್ಚಿರುವ ಹೊಸ ಬಿಯರ್ ಕಂಡುಹಿಡಿದ ಎಂಬ ಕಥೆಯನ್ನು ನೀವೂ ಕೇಳಿರಬಹುದು. ಬೆಂಗಳೂರಿನ ಮೆನು ಕಾರ್ಡುಗಳಲ್ಲೂ ಅದು ಅಚ್ಚಾಗಿರುತ್ತದೆ. ಬ್ರಿಟಿಷ್ ಬಿಯರ್ ಇತಿಹಾಸಕಾರ ಮಾರ್ಟಿನ್ ಕಾರ್ನೆಲ್ ಹಳೆಯ ಪತ್ರಿಕೆ, ದಾಖಲೆಗಳನ್ನು ಜಾಲಾಡಿ ಈ ಕಥೆಯ ಗಾಳಿ ತೆಗೆದರು. ಕಪ್ಪು ಪೋರ್ಟರ್ ಬಿಯರ್ ಕೂಡ ಅದೇ ಹಡಗುಗಳಲ್ಲಿ ಸುಖವಾಗಿ ಬಂದಿಳಿಯುತ್ತಿತ್ತು. ಸಿಪಾಯಿಗಳು ಕುಡಿಯುತ್ತಿದ್ದದ್ದು ಹೆಚ್ಚಾಗಿ ಅದನ್ನೇ. ಬಿಸಿ ಸೀಮೆಗೆ ಕಳಿಸುವ ಏಲ್‌ಗೆ ಹಾಪ್ಸ್ ಹೆಚ್ಚು ಹಾಕಬೇಕೆಂಬ ಬುದ್ಧಿಮಾತು 1760ರ ದಶಕದಲ್ಲೇ ಚಾಲ್ತಿಯಲ್ಲಿತ್ತು. ಹಾಪ್ಸಿನ ಕಹಿ ಆಮ್ಲಗಳು ಬಿಯರನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ ಎಂಬುದೂ ನಿಜ. ಆದರೆ ಇಂಡಿಯಾಕ್ಕೆ ಹೋಗುತ್ತಿದ್ದ ಪೇಲ್ ಏಲ್ ಆ ಕಾಲದ ಅಳತೆಯಲ್ಲಿ ಭಾರಿ ಬಲದ ಬಿಯರೇನಲ್ಲ, ಯಾರೋ ಒಬ್ಬರ ಆವಿಷ್ಕಾರವೂ ಅಲ್ಲ. ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಅಚ್ಚಿನಲ್ಲಿ ಮೊದಲು ಸಿಗುವುದು 1829ರಲ್ಲಿ, ಅದೂ ಸಿಡ್ನಿಯ ಪತ್ರಿಕೆಯ ಜಾಹೀರಾತಿನಲ್ಲಿ. ಬಾರ್ಲಿ ಇಂಗ್ಲೆಂಡಿನದು, ಹಾಪ್ಸ್ ಇಂಗ್ಲೆಂಡಿನದು, ನೀರೂ ಅಲ್ಲಿಯದೇ. ಇಂಡಿಯಾ ಇದರಲ್ಲಿ ಇರುವುದು ಗಿರಾಕಿಯ ವಿಳಾಸವಾಗಿ ಮಾತ್ರ.

ಇಂಡಿಯಾ ರುಚಿಯನ್ನು ಮುಟ್ಟಿದ್ದು ದಾರಿಯಲ್ಲಿ. ಗುಡ್‌ಹೋಪ್ ಭೂಶಿರ ಸುತ್ತಿ ಬರಲು ನಾಲ್ಕರಿಂದ ಆರು ತಿಂಗಳು, ಭೂಮಧ್ಯರೇಖೆ ಎರಡು ಸಲ ದಾಟಬೇಕು. ಮರದ ಪೀಪಾಯಿಯೊಳಗೆ ಬಿಯರ್ ಅಷ್ಟು ದಿನವೂ ಹುದುಗುತ್ತಲೇ ಇತ್ತು. ಮರದಲ್ಲಿ ಮನೆ ಮಾಡಿಕೊಂಡಿದ್ದ ಇನ್ನೊಂದು ಬಗೆಯ ಯೀಸ್ಟ್ ಉಳಿದ ಸಿಹಿಯನ್ನೆಲ್ಲ ತಿಂದು ಮುಗಿಸುತ್ತಿತ್ತು. ಹಳೆಯ ಇಂಗ್ಲಿಷ್ ಬಿಯರಿನ ವಿಶಿಷ್ಟ ರುಚಿಗೆ ಕಾರಣವಾದ ಆ ಯೀಸ್ಟನ್ನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕ್ಲಾಸೆನ್ ಎಂಬ ವಿಜ್ಞಾನಿ ಗುರುತಿಸಿ 1904ರಲ್ಲಿ ಪ್ರಕಟಿಸಿದರು, ಬ್ರೆಟನೊಮೈಸಿಸ್ ಎಂದು ಹೆಸರಿಟ್ಟರು. ಕಲ್ಕತ್ತೆಯಲ್ಲಿ ಬಿರಡೆ ತೆಗೆದಾಗ ಆ ಬಿಯರಿಗೆ ವರ್ಷವೇ ಆಗಿರುತ್ತಿತ್ತು: ತಿಳಿ, ಸಿಹಿ ಬತ್ತಿದ್ದು, ಒಂದಿಷ್ಟು ಚರ್ಮದ ವಾಸನೆ. ಮಾಡಿ ಕೆಲವೇ ವಾರಗಳಾದ ನಿಮ್ಮ ಪಬ್ಬಿನ ಬಿಯರಿನಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ. ‘ಇಂಗ್ಲಿಷ್ ಶೈಲಿ’ ಅಂದರೆ 20ನೇ ಶತಮಾನದ ಇಂಗ್ಲೆಂಡ್, ಹಾಡ್ಜ್‌ಸನ್ ಕಾಲದ್ದಲ್ಲ.

ಬರ್ಟನ್ನಿನ ಸರದಿ ಬಂದದ್ದು 1820ರ ದಶಕದಲ್ಲಿ. ಹಾಡ್ಜ್‌ಸನ್ ಬ್ರೂವರಿಯ ಆಗಿನ ಯಜಮಾನರು ದುರಾಸೆಗೆ ಬಿದ್ದು ಉದ್ದರಿ ನಿಲ್ಲಿಸಿದರು, ಬೆಲೆ ಏರಿಸಿದರು, ಕಪ್ತಾನರನ್ನು ಬಿಟ್ಟು ತಾವೇ ಸರಕು ಕಳಿಸತೊಡಗಿದರು. ಅದೇ ಹೊತ್ತಿಗೆ ಬರ್ಟನ್ನಿನ ಸ್ಯಾಮ್ಯುಯೆಲ್ ಆಲ್ಸಪ್ ರಷ್ಯಾದ ಹೊಸ ಸುಂಕದಿಂದ ಅಲ್ಲಿನ ವ್ಯಾಪಾರ ಕಳೆದುಕೊಂಡು ಕೂತಿದ್ದ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಕ್ಯಾಂಪ್‌ಬೆಲ್ ಮಾರ್ಜೊರಿಬ್ಯಾಂಕ್ಸ್ ಹಾಡ್ಜ್‌ಸನ್ ಬಿಯರನ್ನು ಅವನ ಮುಂದಿಟ್ಟು ಇಂಥದ್ದು ಮಾಡಲು ಸಾಧ್ಯವೇ ಎಂದು ಕೇಳಿದ್ದು, ಆಲ್ಸಪ್‌ನ ಮಾಲ್ಟ್ ಕೆಲಸಗಾರ ಜಾಬ್ ಗುಡ್‌ಹೆಡ್ ಟೀಪಾಟಿನಲ್ಲಿ ಮೊದಲ ಮಾದರಿ ಮಾಡಿ ತೋರಿಸಿದ್ದು ಬರ್ಟನ್ನಿನವರು ಇಂದಿಗೂ ಹೇಳುವ ಕಥೆ. ಟೀಪಾಟಿನ ಮಾತು ಹೇಗೇ ಇರಲಿ, ಜಿಪ್ಸಂ ನೀರಿನ ಬಿಯರ್ ಲಂಡನ್ನಿನದಕ್ಕಿಂತ ತಿಳಿಯಾಗಿ, ಚುರುಕಾಗಿ ಬಂತು. ಹಿಂದೆಯೇ ಬ್ಯಾಸ್ ಕಂಪನಿಯೂ ಇಳಿಯಿತು. 1876ರ ಜನವರಿ 1ರಂದು ಬ್ರಿಟನ್ನಿನಲ್ಲಿ ಮೊದಲ ಕ್ರಮಸಂಖ್ಯೆಯೊಂದಿಗೆ ನೋಂದಣಿಯಾದ ಟ್ರೇಡ್‌ಮಾರ್ಕ್ ಬ್ಯಾಸ್ ಪೇಲ್ ಏಲ್‌ನ ಕೆಂಪು ತ್ರಿಕೋನ. ಚಿತ್ರಕಾರ ಮಾನೆ 1882ರಲ್ಲಿ ಬಿಡಿಸಿದ ಪ್ಯಾರಿಸ್ ಬಾರಿನ ಪ್ರಸಿದ್ಧ ಚಿತ್ರದಲ್ಲೂ ಆ ತ್ರಿಕೋನದ ಬಾಟಲಿಗಳಿವೆ. ಮೊದಲ ಮಹಾಯುದ್ಧದ ಹೊತ್ತಿನ ತೆರಿಗೆ, ಧಾನ್ಯದ ಕಟ್ಟುಪಾಡುಗಳಿಂದ ಬ್ರಿಟಿಷ್ ಬಿಯರ್ ತೆಳ್ಳಗಾಯಿತು. ಅಲ್ಲಿ ಇಂದಿಗೂ ಶೇ 4ಕ್ಕಿಂತ ಕಡಿಮೆ ಬಲದ ಬಿಯರುಗಳು ಐಪಿಎ ಹೆಸರಿನಲ್ಲಿ ಸಿಗುತ್ತವೆ, ಅವು ಬೇರೆಯೇ ಜಾತಿ.

ನಿಮ್ಮ ಮಾವಿನ ಘಮದ ಐಪಿಎಯ ಬೇರು ಅಟ್ಲಾಂಟಿಕ್ಕಿನ ಆಚೆಗಿದೆ. 1972ರಲ್ಲಿ ಅಮೆರಿಕದ ರೈತರ ಕೈಗೆ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ ಬಂತು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆ್ಯಂಕರ್ ಬ್ರೂವರಿ ಅದರಿಂದ ಲಿಬರ್ಟಿ ಏಲ್ ಮಾಡಿತು. ಅಲ್ಲಿಂದ ಒಂದೊಂದಾಗಿ ಹೊಸ ತಳಿಗಳು ಬಂದು, ಕಹಿ ಹಿಂದೆ ಸರಿದು, ಹಣ್ಣಿನ ಘಮ ಮುಂದೆ ಬಂತು. ಬೆಂಗಳೂರಿನ ಮೈಕ್ರೋಬ್ರೂವರಿಗಳು ಕಣ್ಣು ಬಿಟ್ಟದ್ದು 2010ರ ಆಸುಪಾಸಿನಲ್ಲಿ. ಆಗ ಜಗತ್ತಿನಲ್ಲಿ ಐಪಿಎ ಅಂದರೆ ಅಮೆರಿಕದ್ದೇ ಎಂಬಂತಾಗಿತ್ತು. ಅದನ್ನು ಕುಡಿದು ಬೆಳೆದ ನಾಲಿಗೆಗೆ ಇಂಗ್ಲಿಷ್ ಐಪಿಎ ಮಂಕಾಗಿ ಕಾಣುವುದು ಸಹಜ.

ತಣ್ಣಗಿರಲಿಲ್ಲ ಎಂಬ ದೂರಿಗೆ ಬರೋಣ. ಪೀಪಾಯಿಯ ಏಲ್‌ಗೆ ಇಂಗ್ಲೆಂಡಿನಲ್ಲಿ 11ರಿಂದ 13 ಡಿಗ್ರಿ ಸೆಲ್ಸಿಯಸ್ ಹದವಾದ ಶಾಖ. ನಮ್ಮ 4 ಡಿಗ್ರಿಯ ಬಿಯರಿನ ಮುಂದೆ ಅದು ಬೆಚ್ಚಗೇ ಅನ್ನಿಸುತ್ತದೆ. ಗೋಲ್ಡಿಂಗ್ಸಿನಂಥ ಮೆದು ಘಮ 4 ಡಿಗ್ರಿಯಲ್ಲಿ ಏಳುವುದೇ ಇಲ್ಲ. ಕಹಿಯೊಂದೇ ಒಂಟಿಯಾಗಿ ಉಳಿಯುತ್ತದೆ. ನೊರೆ ಕಡಿಮೆ ಇರುವುದಕ್ಕೂ ಕಾರಣವಿದೆ: ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ, ಪೀಪಾಯಿಯಲ್ಲಿ ಹುದುಗು ತಾನೇ ಹುಟ್ಟಿಸಿದಷ್ಟೇ ಗ್ಯಾಸ್, ಮೇಲೆತ್ತುವುದು ಕೈಪಂಪು. ಹಾಗೆಂದು ಬೆಚ್ಚಗಿನ ಬಿಯರ್ ಇಂಡಿಯಾದಲ್ಲಿದ್ದ ಇಂಗ್ಲಿಷ್ ದೊರೆಗಳಿಗೆ ಇಷ್ಟವಾಗಿತ್ತು ಅಂದುಕೊಳ್ಳಬೇಡಿ. ಅವರ ಮನೆಗಳಲ್ಲಿ ಆಬ್ದಾರ್ ಎಂಬ ಆಳೇ ಇರುತ್ತಿದ್ದ. ಬಾಟಲಿಗಳನ್ನು ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಆಡಿಸಿ ತಣಿಸುವುದು ಅವನ ಕೆಲಸ. ಪೆಟ್ಲುಪ್ಪು ಕರಗುವಾಗ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. 1833ರಲ್ಲಿ ಬಾಸ್ಟನ್ನಿನಿಂದ ಮಂಜುಗಡ್ಡೆ ತುಂಬಿದ ಹಡಗು ಕಲ್ಕತ್ತೆಗೆ ಬಂದ ಮೇಲೆ ಅವನ ಕೆಲಸ ಹಗುರಾಯಿತು.

ನಿಮ್ಮ ರೂಮ್‌ಮೇಟ್ ವಿಚಾರದಲ್ಲಿ ಎಚ್ಚರ ಬೇಕು. ಪೀಪಾಯಿಯ ಏಲ್ ಬೇಗ ತಿಳಿಯಾಗಲೆಂದು ಐಸಿಂಗ್ಲಾಸ್ ಹಾಕುವ ವಾಡಿಕೆ ಇಂಗ್ಲೆಂಡಿನಲ್ಲಿ ಹಳೆಯದು. ಅದು ಮೀನಿನ ಗಾಳಿಚೀಲದಿಂದ ಮಾಡುವ ಅಂಟು. ಯೀಸ್ಟನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಗ್ಲಾಸಿಗೆ ಬರುವುದು ಬಂದರೂ ಲವಲೇಶ. ಆದರೂ ಸಸ್ಯಾಹಾರಿಗೆ ಅದು ಲೆಕ್ಕಕ್ಕೆ ಬರುತ್ತದೆ. ಕೌಂಟರಿನಲ್ಲಿ ‘ಈ ಬಿಯರ್ ವೀಗನ್ನೇ?’ ಎಂದು ಕೇಳಿದರೆ ಸಾಕು, ಹೇಳುತ್ತಾರೆ. ಈಚಿನ ಸಣ್ಣ ಬ್ರೂವರಿಗಳಲ್ಲಿ ಐಸಿಂಗ್ಲಾಸ್ ಬಿಟ್ಟವರು ಬಹಳ ಮಂದಿ. ಬಾಟಲಿ, ಕ್ಯಾನುಗಳ ಮೇಲೆ ವೀಗನ್ ಗುರುತನ್ನೇ ಅಚ್ಚು ಹಾಕಿರುತ್ತಾರೆ.

ಇನ್ನೊಮ್ಮೆ ಹೋದಾಗ ಪೈಂಟ್ ಬೇಡ, ಅರ್ಧ ಪೈಂಟ್ ತೆಗೆದುಕೊಳ್ಳಿ. ಶೇ 6ರ ಬಿಯರಿನ ಒಂದು ಪೈಂಟ್, ಅಂದರೆ 568 ಮಿಲಿಲೀಟರ್, 3.4 ಯೂನಿಟ್ ಆಗುತ್ತದೆ. ಬ್ರಿಟನ್ನಿನ ವೈದ್ಯಾಧಿಕಾರಿಗಳು ವಾರಕ್ಕೆ 14 ಯೂನಿಟ್ ದಾಟಬೇಡಿ ಎನ್ನುತ್ತಾರೆ. ಕಾರು ತಂದಿದ್ದರೆ ಅರ್ಧವೂ ಬೇಡ. ಬಿಸಿಲಿದ್ದ ದಿನ ಗ್ಲಾಸು ಹಿಡಿದು ಹೊರಗಿನ ತೋಟಕ್ಕೆ ಹೋಗಬೇಡಿ. ಬೆಳಕು ಬಿದ್ದರೆ ಹಾಪ್ಸಿನ ಕಹಿ ಪದಾರ್ಥ ಒಡೆದು ಕೆಲವೇ ನಿಮಿಷಗಳಲ್ಲಿ ಕೆಟ್ಟ ವಾಸನೆ ಹುಟ್ಟುತ್ತದೆ. ಬಾಟಲಿಗಳು ಕಂದು ಬಣ್ಣದವಾಗಿರುವುದು ಅದಕ್ಕೇ. ಜೊತೆಗೆ ಉಪ್ಪು ಹಾಕಿದ ಕಡಲೆಬೀಜ ಇರಲಿ, ಮನೆಯಿಂದ ಬಂದ ಕೋಡುಬಳೆ ಇದ್ದರೆ ಬಾಟಲಿ ತಂದು ಮನೆಯಲ್ಲೇ ನೋಡಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಖಾರ ಮಾತ್ರ ಬೇಡ. ಮೆಣಸಿನಕಾಯಿಯ ಉರಿಯೂ ಹಾಪ್ಸಿನ ಕಹಿಯೂ ಒಂದನ್ನೊಂದು ಕೆರಳಿಸುತ್ತವೆ.

ಮೊದಲ ಎರಡು ಗುಟುಕಿಗೆ ಅಭಿಪ್ರಾಯ ಕಟ್ಟಿಕೊಳ್ಳಬೇಡಿ, ನಾಲಿಗೆ ಕಹಿಗೆ ಹೊಂದಿಕೊಳ್ಳಲು ಅಷ್ಟು ಬೇಕು. ಮೂರನೆಯ ಗುಟುಕಿನಿಂದ ಒಂದನ್ನೇ ಗಮನಿಸಿ: ಸಿಹಿ ಎಲ್ಲಿ ಮುಗಿಯಿತು, ಕಹಿ ಎಲ್ಲಿ ಹಿಡಿಯಿತು. ಗ್ಲಾಸು ಖಾಲಿಯಾದಾಗ ಇನ್ನೊಂದು ಅರ್ಧ ಪೈಂಟ್ ಬೇಕೆನಿಸಿದರೆ ಇಂಗ್ಲಿಷ್ ಐಪಿಎ ನಿಮಗೆ ಒಗ್ಗಿತು. ಬೇಡವೆನಿಸಿದರೆ ನಿಮ್ಮ ನಾಲಿಗೆ ಅಮೆರಿಕದ ಪಕ್ಷ ಎಂದಾಯಿತು. ಅದರಲ್ಲಿ ತಪ್ಪೇನಿಲ್ಲ, ಅದೇ ಕೌಂಟರಿನ ಪಕ್ಕದ ನಲ್ಲಿಯಲ್ಲಿ ಅದೂ ಸಿಗುತ್ತದೆ.